ಒಳಕೋಣೆಯ ಕದ

ಇಂದಿರಾ ಗಂಡನ ಅಂಗಿಯ ಮೂರನೆಯ ಗುಂಡಿಗೆ ಬಂದಿದ್ದಳು. ಶ್ರೀಧರ ಚಿಕ್ಕ ಹುಡುಗನ ಹಾಗೆ ಗದ್ದ ಮೇಲೆತ್ತಿ ಕೂತು, ಬಲಗೈಯನ್ನು ಎಡಗೈಯಿಂದ ತೊಡೆಗೆ ಒತ್ತಿ ಹಿಡಿದುಕೊಂಡಿದ್ದ. ಬಿಟ್ಟರೆ ಅದು ತನ್ನಷ್ಟಕ್ಕೆ ನಡುಗಲು ಶುರು ಮಾಡುತ್ತಿತ್ತು. ಹೆಬ್ಬೆರಳು ತೋರುಬೆರಳಿಗೆ ತಿಕ್ಕುತ್ತ, ಕಾಣದ ಹೂಬತ್ತಿಯೊಂದನ್ನು ಹೊಸೆಯುತ್ತಲೇ ಇರುತ್ತಿತ್ತು...

"ಆ ಹೊಸಾ ಅಂಗಿ ಬಿಚ್ಚು, ಇಂದಿರಾ. ಅವಾ ಇವತ್ತ ಹೊರಗ ಬರೂದಿಲ್ಲ."

ಬಾಗಿಲಲ್ಲಿ ಅತ್ತೆ ಭಾಗೀರಥಿಬಾಯಿ ನಿಂತಿದ್ದರು. ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಬಿಗಿಯಾಗಿ ಹೊದ್ದಿದ್ದರು. ಮುಖದಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಇಂದಿರಾಗೆ ಹೆಚ್ಚು ಭಯವಾಯಿತು.

"ಅತ್ಯಾ, ಡಾಕ್ಟರ್ ಬರೂದ ವರ್ಷಕ್ಕೊಮ್ಮಿ! ಒಂದು ಸಲ ಇವರ ಕೈ ನೋಡ್ಲಿ..."

"ಡಾಕ್ಟರು ಯಾರ ಮೋಟಾರಿನ್ಯಾಗ ಬರ್ತಾರ? ನನ್ನ ಮಗಳ್ನ ತಗೊಳ್ಳೂ ನರಗುಂದದ ಬೀಗರ ಮೋಟಾರಿನ್ಯಾಗ. ಯಾರ ಜೋಡಿ ಹೋಗ್ತಾರ? ಅವರ ಜೋಡಿನ. ನಡುವ ಅವರ ಕಣ್ಣು ತಪ್ಪಿಸಿ ಎಲ್ಲಿ ತೋರಸ್ತಿ? ಹುಬ್ಬಳ್ಳಿಗೆ ಒಯ್ಯೂಣಂದ್ರ ಆ ದವಾಖಾನ್ಯಾಗೂ ದಿನಾ ನರಗುಂದದವರು ಇರ್ತಾರ."

ಶ್ರೀಧರ ತಾನೇ ಎದ್ದ. "ಅವ್ವಾ ಹೇಳೂದು ಖರೇ ಅದ. ನಾ ಒಳಕೋಣ್ಯಾಗ ಕೂಡ್ತೀನಿ. ಚಿಲಕಾ ಮಾತ್ರ ಹಾಕಬ್ಯಾಡ, ಅವ್ವಾ."

"ಯಾರದರ ಕೂಸು ಬಂದು ಕದಾ ನೂಕಿದ್ರ?" ಎಂದರು ಭಾಗೀರಥಿಬಾಯಿ. ಮಗ ಒಳಗೆ ಹೋಗಿ ಕೂತ ಮೇಲೆ ಕದ ಎಳೆದು, ಹೊರಗಿನಿಂದ ಚಿಲಕ ಹಾಕಿ, ಅದರ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು.

ಇಂದಿರಾಳ ಮಾವನಿಗೂ ಹೀಗೇ ಆಗಿತ್ತು. ಕೈ ನಡುಗತೊಡಗಿದಾಗ ಊರಲ್ಲಿ ಕೆಲವರು ಗಾಳಿ ಎಂದರು, ಕೆಲವರು ಕುಡಿತ ಎಂದರು. ಮನೆಯವರು ನಾಚಿ ಅವರನ್ನು ಮನೆಯೊಳಗೇ ಇಟ್ಟುಕೊಂಡರು. ತಾಯತ ಕಟ್ಟಿಸಿದರು, ಮಂತ್ರ ಹಾಕಿಸಿದರು. ಹುಬ್ಬಳ್ಳಿಯ ದವಾಖಾನೆಗೆ ಒಯ್ಯುವ ಹೊತ್ತಿಗೆ ಆ ಜೀವಕ್ಕೆ ಗಂಜಿ ನುಂಗುವುದೂ ಆಗುತ್ತಿರಲಿಲ್ಲ. ಅಲ್ಲಿ ಡಾಕ್ಟರ್ ಗಲಗಲಿಯವರು, ಇದು ಕಂಪವಾತ, ವಿಲಾಯತಿ ಪುಸ್ತಕಗಳಲ್ಲಿ ಪಾರ್ಕಿನ್ಸನ್ ರೋಗ ಎನ್ನುತ್ತಾರೆ, ಪೂರ್ತಿ ವಾಸಿಯಾಗುವ ಔಷಧ ಇನ್ನೂ ಸಿಕ್ಕಿಲ್ಲ ಎಂದು ವಿವರಿಸಿ, ಕೊನೆಗೆ ಒಂದು ಮಾತು ಹೇಳಿದ್ದರು: "ಮೊದಲೇ ತಂದಿದ್ದರೆ ಇವರಿಗೆ ಇಷ್ಟು ಸಂಕಟ ಇರುತ್ತಿರಲಿಲ್ಲ, ತಾಯಿ." ಆ ಮಾತು ಭಾಗೀರಥಿಬಾಯಿಯ ಎದೆಯಲ್ಲಿ ಮುಳ್ಳಾಗಿ ಮುರಿದು ಕೂತಿತು. ಗಂಡ ತೀರಿದ ಮರುವರ್ಷವೇ ಅವರು ಗಜೇಂದ್ರಗಡದಲ್ಲಿ 'ಕಂಪವಾತ ನಿಧಿ' ಕಟ್ಟಿದರು. ಪ್ರತಿ ಚೈತ್ರದಲ್ಲಿ ಗೌರಿಯ ಅರಿಷಿಣ-ಕುಂಕುಮದ ದಿನ ಊರ ಹೆಂಗಸರೆಲ್ಲ ಒಂದೊಂದು ಕುಪ್ಪಸದ ಖಣ ತಂದು ಕೊಡುವುದು, ಅವನ್ನು ಅಲ್ಲೇ ಹರಾಜು ಹಾಕಿ ಮಾರಿ ಬಂದದ್ದನ್ನು ಡಾಕ್ಟರರ ಸಂಶೋಧನೆಗೆ ಕಳಿಸುವುದು, ಡಾಕ್ಟರರು ಬಂದು ರೋಗದ ಬಗ್ಗೆ ತಿಳಿಸಿ ಹೇಳುವುದು. ವಿಧವೆ ಕುಂಕುಮದ ತಟ್ಟೆ ಮುಟ್ಟುವಂತಿಲ್ಲ; ಅದನ್ನು ಇಂದಿರಾ ಹಿಡಿಯುತ್ತಿದ್ದಳು. ಮಾತು ಮಾತ್ರ ಅತ್ತೆಯದು.

ಅಂಥ ಮನೆಯ ಮಗ ಶ್ರೀಧರ, ಸಾಲಿ ಮಾಸ್ತರ. ಹೋದ ದಸರೆಯಿಂದ ಅವನು ಹಲಗೆಯ ಮೇಲೆ ಬರೆಯುವ ಅಕ್ಷರ ಸಾಲು ಮುಗಿಯುವಷ್ಟರಲ್ಲಿ ಇರುವೆಯಷ್ಟು ಸಣ್ಣದಾಗುತ್ತಿತ್ತು. ಹುಡುಗರು ನಕ್ಕರು. ಕಣ್ಣಿನ ತೊಂದರೆ ಎಂದು ರಜೆ ಹಾಕಿ ಅವನು ಮನೆ ಸೇರಿದ. ಅದೇ ಹೊತ್ತಿಗೆ ಅವನ ತಂಗಿ ಅನಸೂಯಾಗೆ ನರಗುಂದದ ಸಂಬಂಧ ಕೂಡಿ ಬಂದಿತ್ತು!

ಮಧ್ಯಾಹ್ನ ಇಳಿಯುವಷ್ಟರಲ್ಲಿ ಅರಿಷಿಣ-ಕುಂಕುಮಕ್ಕೆ ಬಂದವರಿಂದ ಪಡಸಾಲೆ ತುಂಬಿತು. ಕೋಸಂಬರಿ, ಪಾನಕ ಹಂಚಿಕೆ ನಡೆದಿತ್ತು. ಬೀಗ ಅನಂತರಾಯರು ಡಾಕ್ಟರರನ್ನು ಕರೆತಂದು ಮೇಲಿನ ಗಾದಿಯಲ್ಲಿ ಕೂಡಿಸಿದರು. ಅವರ ಹೆಂಡತಿ ಗೋದಾಬಾಯಿ ಕೂತಲ್ಲಿಂದಲೇ ಸುತ್ತ ಕಣ್ಣಾಡಿಸಿದಳು.

"ನಿಮ್ಮ ಮಗಾ ಕಾಣಿಸ್ಲಿಲ್ಲಲ್ರಿ, ಭಾಗೀರಥಿಬಾಯಿ?"

"ರಾಜೂರಕ್ಕ ಹೋಗ್ಯಾನ್ರಿ. ಹೊಲದ ಕೆಲಸ."

"ಬೀಗರು ಬರೂ ದಿನಾನ ಹೊಲಾ ಓಡಿ ಹೋಗ್ತಿತ್ತೇನು?" ಎಂದು ಗೋದಾಬಾಯಿ ನಕ್ಕು, ಡಾಕ್ಟರರ ಕಡೆ ತಿರುಗಿದಳು. "ಡಾಕ್ಟರ್, ಈ ಬ್ಯಾನಿ ಅಪ್ಪನಿಂದ ಮಕ್ಕಳಿಗೆ ಬರ್ತದೇನ್ರಿ? ನೋಡ್ರಿ, ಬಿಚ್ಚಿ ಹೇಳ್ತೀನಿ. ಮಗಾ ಗಟ್ಟಿಮುಟ್ಟ ಇದ್ದಾನಂತ ಕೇಳಿದ ಮ್ಯಾಲೆನ ನಾವು ಈ ಮನಿ ಹೆಣ್ಣಿಗೆ ಹ್ಞೂಂ ಅಂದಿದ್ದು. ಇಲ್ಲಾಂದ್ರ ಯಾರು ತರ್ತಾರ್ರಿ?"

"ಹಾಗೆ ಬರೂದು ಕಡಿಮಿ, ತಾಯಿ," ಎಂದರು ಡಾಕ್ಟರ್. "ಅದನ್ನ ತಿಳಕೊಳ್ಳಾಕನ ನಮ್ಮ ಸಂಶೋಧನೆ ನಡದದ."

ಆಗ ನೇಕಾರ ಓಣಿಯ ಮಾಬೂಬಿ ತನ್ನ ಗಂಡ ಲಾಡಸಾಬನನ್ನು ರಟ್ಟೆ ಹಿಡಿದು ಕರೆತಂದಳು. ಅವನ ಕೈಯೂ ತಲೆಯೂ ನಡುಗುತ್ತಿದ್ದವು. "ಬಾಯಾರ, ಹ್ವಾದ ವರ್ಷ ನೀವ ಹೇಳಿದ್ರಿ, ಮುಚ್ಚಿ ಇಡಬ್ಯಾಡ್ರಿ ಅಂತ. ಇಂವಾ ಬರಾಕ ಒಲ್ಲೆ ಅಂದಾ. ಮಗ್ಗದ ಮ್ಯಾಲಿನ ಕೈ ನಡುಗಿದ್ರ ನಡುಗ್ಲಿ, ಬಾಯಾರ ಮುಂದ ಎಂಥಾ ಶರಮು ಅಂತ ಎಳಕೊಂಡು ಬಂದೀನಿ!"

ಎಲ್ಲರೂ ನಕ್ಕರು, ಲಾಡಸಾಬನೂ ನಕ್ಕ. ಡಾಕ್ಟರರು ಅವನನ್ನು ಎಲ್ಲರೆದುರೇ ಕೂಡಿಸಿ ಬೆರಳು ಮಡಿಸಿ ನೋಡಿ, ನಡೆಸಿ ನೋಡಿ, ಗುಳಿಗೆ ಬರೆದುಕೊಟ್ಟರು. ಇಂದಿರಾ ಕುಂಕುಮದ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಳು. ಹತ್ತು ಹೆಜ್ಜೆ... ಹತ್ತೇ ಹೆಜ್ಜೆಯ ಆಚೆ ಚಿಲಕ ಹಾಕಿದ ಕೋಣೆಯಲ್ಲಿ ಅದೇ ರೋಗ ಕತ್ತಲಲ್ಲಿ ಕೂತಿತ್ತು!

ಆಮೇಲೆ ಭಾಗೀರಥಿಬಾಯಿ ಎದ್ದು ನಿಂತರು. "ನಮ್ಮ ಯಜಮಾನರ ಕೈ ನಡುಗಿದಾಗ ನಾವು ಮುಚ್ಚಿಟ್ವಿ. ನಾಲ್ಕು ಮಂದಿ ಏನಂದಾರು ಅಂತ ಮುಚ್ಚಿಟ್ವಿ. ಅವರ್ನ ಕೊಂದದ್ದು ಬ್ಯಾನಿ ಅಲ್ರಿ, ನಮ್ಮ ನಾಚಿಕಿ! ಯಾರ ಮನ್ಯಾಗರ ಇಂಥಾದ್ದು ಇದ್ರ... ಕೈ ಮುಗದು ಹೇಳ್ತೀನಿ... ಮುಚ್ಚಿ ಇಡಬ್ಯಾಡ್ರಿ..."

ಮಾತು ಅಲ್ಲಿಗೇ ಕಡಿಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅವರು ಕುಸಿದು ಕೂತರು. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಗಂಡನ ನೆನಪಾಯಿತು, ಪಾಪ, ಎಂದುಕೊಂಡರು. ಅವರು ಅಳುತ್ತಿದ್ದುದು ಯಾರಿಗಾಗಿ ಎಂದು ಇಂದಿರಾ ಒಬ್ಬಳಿಗೇ ಗೊತ್ತಿತ್ತು. ಅತ್ತೆಯನ್ನು ದ್ವೇಷಿಸಬೇಕೆಂದು ಬೆಳಗಿನಿಂದ ಎದೆಯಲ್ಲಿ ಕಟ್ಟಿಕೊಂಡು ಬಂದದ್ದೆಲ್ಲ ಆ ಗಳಿಗೆಯಲ್ಲಿ ಕರಗಿ ಹೋಯಿತು.

ಅಷ್ಟರಲ್ಲಿ ಒಳಗಿನಿಂದ ಹಿತ್ತಾಳೆಯ ತಂಬಿಗೆ ಬಿದ್ದು ಉರುಳಿದ ಸದ್ದು!

"ಏನ್ರಿ ಅದು?" ಗೋದಾಬಾಯಿ ಕಿವಿ ನಿಮಿರಿಸಿದಳು.

"ಬೆಕ್ಕು," ಎಂದರು ಭಾಗೀರಥಿಬಾಯಿ.

ಡಾಕ್ಟರರು ಮಾತ್ರ ಆ ಕದದ ಕಡೆ ನೋಡಿದರು. ಪಾನಕ ಕೊಡಲು ಬಾಗಿದ ಇಂದಿರಾಳನ್ನು ಮೆಲ್ಲಗೆ ಕೇಳಿದರು: "ಪ್ರತಿ ವರ್ಷ ಮಾಸ್ತರರು ತಮ್ಮ ಕೈಯಾರೆ ಕೊಡ್ತಿದ್ರು. ಆರಾಮ ಇದ್ದಾರಲ್ಲವಾ, ತಂಗಿ?"

ಒಂದು ಮಾತು. ಇಲ್ಲ ಅಂದಿದ್ದರೆ ಸಾಕಿತ್ತು... ಇಂದಿರಾಳ ತುಟಿ ತೆರೆಯಿತು. ಅವರ ಹೆಗಲ ಆಚೆ ಅನಸೂಯಾ ಕಂಡಳು. ಭಾವೀ ಅತ್ತೆಯ ಪಕ್ಕ, ಅವಳು ಮುಡಿಸಿದ ಮಲ್ಲಿಗೆ ಮುಡಿದು, ಬಿಳಿಚಿಕೊಂಡ ಮುಖದಿಂದ ವೈನಿಯನ್ನೇ ನೋಡುತ್ತಿದ್ದಳು.

"ಆರಾಮ ಇದ್ದಾರ್ರಿ," ಎಂದಳು ಇಂದಿರಾ. "ರಾಜೂರಕ್ಕ ಹೋಗ್ಯಾರ."

ಹೊರಡುವಾಗ ಅನಂತರಾಯರು ವೈಶಾಖದ ಲಗ್ನಕ್ಕೆ ಡಾಕ್ಟರರನ್ನು ಕರೆದರು. "ದವಾಖಾನಿ ಬಿಟ್ಟು ನಾ ಹೊರಗ ಬೀಳೂದು ಈ ಒಂದ ದಿನಾ ರಾಯರ, ಮಾಫ್ ಮಾಡ್ರಿ," ಎಂದರು ಅವರು. ಮೋಟಾರು ಧೂಳೆಬ್ಬಿಸಿ ಹೋಯಿತು. ಇನ್ನೊಂದು ಚೈತ್ರ ಬರುವವರೆಗೆ ಅದು ಬರುವುದಿಲ್ಲ.

ಚಿಲಕ ತೆಗೆದಾಗ ಶ್ರೀಧರ ಒದ್ದೆ ಅಂಗಿಯಲ್ಲಿ ಗೋಡೆಗೊರಗಿ ಕೂತಿದ್ದ. "ನೀರು ಕುಡೀಬೇಕಂತ ತಂಬಿಗಿ ಎತ್ತಿದೆ," ಎಂದ. ಆಮೇಲೆ ಮೆಲ್ಲಗೆ, "ಅವ್ವಾ ಭಾಳ ಚಲೋ ಮಾತಾಡಿದ್ಲು, ಇಂದಿರಾ. ಪ್ರತಿ ವರ್ಷಕ್ಕಿಂತ ಚಲೋ."

ಅದು ಕುಹಕವಾಗಿರಲಿಲ್ಲ. ಕುಹಕವಾಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ದೀಪ ಹಚ್ಚುವ ಹೊತ್ತಿಗೆ ಭಾಗೀರಥಿಬಾಯಿ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು, ಸೊಸೆಯ ಮುಖ ನೋಡದೆ ಹೇಳಿದರು: "ಅನಸೂಯಾನ ಧಾರಿ ದತ್ತಾತ್ರೇಯ ಕಾಕಾ ಎರೀತಾನ. ಲಗ್ನದ ವಾರ ನೀವಿಬ್ರೂ ಇಲ್ಲಿರಬ್ಯಾಡ್ರಿ. ಚಿಕ್ಕನರಗುಂದಕ್ಕ ನಿನ್ನ ತವರಿಗೆ ಹೋಗ್ರಿ. ನಿಮ್ಮಪ್ಪಗ ಜಡ್ಡು ಅಂತ ನಾ ಹೇಳ್ತೀನಿ."

"ಅಣ್ಣಾ ಇಲ್ದ ಲಗ್ನಾ?" ಒಳಗಿನಿಂದ ಅನಸೂಯಾ ಬಿರುಗಾಳಿಯಂತೆ ಬಂದಳು. "ಅಣ್ಣಾ ಧಾರಿ ಎರೀಲಿಲ್ಲಂದ್ರ ನನಗ ಲಗ್ನನ ಬ್ಯಾಡ, ಅವ್ವಾ! ಬ್ಯಾಡ!"

"ಬಾಯಿ ಮುಚ್ಚು! ಅಪ್ಪನ ಬ್ಯಾನಿಗೆ ನಿನ್ನ ಎರಡು ಸಂಬಂಧ ಮುರದಾವ. ಇದೂ ಮುರದ್ರ ನಾ ಸತ್ತ ಮ್ಯಾಲೆ ನಿನಗ್ಯಾರು? ಒಂದ ಲಗ್ನ ಇಂದಿರಾ, ಇದೊಂದ ದಾಟ್ಲಿ... ಆಮ್ಯಾಲೆ ನನ್ನ ಮಗನ ಹೆಗಲ ಮ್ಯಾಲೆ ಹೊತ್ತು ಹುಬ್ಬಳ್ಳಿಗೆ ಒಯ್ತೀನಿ..."

ಶ್ರೀಧರ ಗೋಡೆ ಹಿಡಿದು ಬಂದು ತಂಗಿಯ ತಲೆಯ ಮೇಲೆ ಕೈಯಿಟ್ಟ. ಕೈ ಅವಳ ಕೂದಲಲ್ಲೇ ನಡುಗಿತು. "ಹುಚ್ಚಿ! ನಾ ನಿಂತರ ಧಾರಿ ನೀರು ನಿಮ್ಮ ಕೈಯಾಗ ಬೀಳೂದಿಲ್ಲ, ಬೀಗರ ಜರಿ ಧೋತ್ರದ ಮ್ಯಾಲೆ ಬೀಳ್ತದ. ಗೋದಾಬಾಯಿ ಅಲ್ಲೇ ಎದಿ ಬಡಕೋತಾಳ."

ಅನಸೂಯಾ ನಕ್ಕಳು. ನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಎದ್ದು ದೇವರ ಮನೆಗೆ ಹೋಗಿ ಕೂತುಬಿಟ್ಟರು.

ಇಂದಿರಾ ಪಾನಕದ ಪಾತ್ರೆಗಳನ್ನು ತಿಕ್ಕುತ್ತ ಕೂತಳು. 'ಆಮೇಲೆ' ಎಂದರೆ ಯಾವಾಗ? ಲಗ್ನವಾದ ಮೇಲೆ ಮಗಳು ಅತ್ತೆಯ ಮನೆಯಲ್ಲಿ ನೆಲೆಯೂರಬೇಕು; ಆಮೇಲೆ ಬಸಿರು, ಬಾಣಂತನ. ಮುಚ್ಚಿಡಲು ಪ್ರತಿ ವರ್ಷ ಒಂದು ಕಾರಣ ಹುಟ್ಟುತ್ತದೆ. ಮಾವನಿಗೂ ಹಾಗೇ ಹುಟ್ಟಿದ್ದವು. ಅತ್ತೆ ಕೆಟ್ಟವರಲ್ಲ. ಇವತ್ತು ಡಾಕ್ಟರರ ಮುಂದೆ ಸುಳ್ಳು ಹೇಳಿದ ತಾನು ಯಾವ ದೊಡ್ಡವಳು?

ಚಿಕ್ಕನರಗುಂದಕ್ಕೆ ಹೋಗುವವರು ನರಗುಂದದಲ್ಲಿ ಇಳಿಯಬೇಕು. ಬಸ್ಸು ಮುಂದೆ ಹುಬ್ಬಳ್ಳಿಗೆ ಹೋಗುತ್ತದೆ. ಲಗ್ನದ ದಿನ ನರಗುಂದದ ಬೀಗರು, ಅವರ ಬಳಗ, ಊರ ಗುರುತಿನವರು, ಎಲ್ಲರೂ ಇಲ್ಲೇ ಹಂದರದ ಕೆಳಗೆ ಇರುತ್ತಾರೆ. ಹುಬ್ಬಳ್ಳಿಯ ದವಾಖಾನೆಯ ಬಾಗಿಲಲ್ಲಿ ಆ ಒಂದು ದಿನ ಇವರ ಗುರುತು ಹಿಡಿಯುವವರು ಒಬ್ಬರೂ ಇರುವುದಿಲ್ಲ... ತಂಗಿ ಅಕ್ಷತೆಯ ನಡುವೆ ಕಣ್ಣೆತ್ತಿ ಅಣ್ಣನನ್ನು ಹುಡುಕುವ ಹೊತ್ತಿಗೆ ಅಣ್ಣ ಡಾಕ್ಟರರ ಮುಂದೆ ಬೆರಳು ಮಡಿಸಿ ತೋರಿಸುತ್ತಿರುತ್ತಾನೆ. ಆ ತಪ್ಪನ್ನು ಅನಸೂಯಾ ಕ್ಷಮಿಸುತ್ತಾಳೋ ಇಲ್ಲವೋ.

"ಹೋಗ್ತೀರಿ ಹೌದಲ್ಲೋ?" ದೇವರ ಮನೆಯಿಂದ ಅತ್ತೆಯ ದನಿ ಸಣ್ಣಗೆ ಬಂತು.

"ಹ್ಞೂಂ ಅತ್ಯಾ, ಹೋಗ್ತೀವಿ," ಎಂದಳು ಇಂದಿರಾ. ಎಲ್ಲಿಗೆ ಎಂದು ಹೇಳಲಿಲ್ಲ.