ಹೆಸರಿಡದ ಚೇಳು

ಬಹಳ ಬಹಳ ಹಿಂದೆ, ಎತ್ತ ನೋಡಿದರೂ ಮರಳೇ ಕಾಣುವ ನಾಡಿನಲ್ಲಿ ಸಿಕತಾಪುರವೆಂಬ ರಾಜ್ಯವಿತ್ತು. ಅದರ ರಾಜ ಇಂದುಶೇಖರನಿಗೆ ಇಬ್ಬರು ಮಕ್ಕಳು, ಮಗ ಮಕರಂದ, ಮಗಳು ಮಂದಾರಿಕೆ. ಬೇರೆ ರಾಜಕುಮಾರರು ಕುದುರೆ ಸಾಕುತ್ತಾರೆ, ಗಿಡುಗ ಸಾಕುತ್ತಾರೆ. ನಮ್ಮ ಮಕರಂದ ಚೇಳು ಸಾಕುತ್ತಿದ್ದ. ಅವೂ ಅಂತಿಂಥ ಚೇಳುಗಳಲ್ಲ, ಕುಟುಕಿದರೆ ಆನೆಯೂ ಮೇಲೇಳದಂಥ ಮರಳುಗಾಡಿನ ಚೇಳುಗಳು.

ಅರಮನೆಯ ಹಿಂದಿನ ಪಡಸಾಲೆಯ ತುಂಬ ಅವನ ಮಡಕೆಗಳು. ಒಂದು ಮಡಕೆಯಲ್ಲಿ ಒಂದೇ ಚೇಳು, ಏಕೆಂದರೆ ಎರಡನ್ನು ಕೂಡಿಹಾಕಿದರೆ ಬೆಳಗಾಗುವಷ್ಟರಲ್ಲಿ ಒಂದೇ ಉಳಿದಿರುತ್ತಿತ್ತು. ತಳದಲ್ಲಿ ಬೊಗಸೆ ಮರಳು, ಅಡಗಲು ಹೆಂಚಿನ ಚೂರು, ಕುಡಿಯಲು ಕಪ್ಪೆಚಿಪ್ಪಿನಲ್ಲಿ ನೀರು. ಪ್ರತಿಯೊಂದಕ್ಕೂ ಅವನು ಹೆಸರಿಟ್ಟಿದ್ದ. ದೊಡ್ಡ ಇಕ್ಕಳಗಳ ಕರಿಚೇಳು ಗುಂಡಣ್ಣ. ಇಕ್ಕಳ ಸಣ್ಣದಾಗಿ ಬಾಲ ದಪ್ಪವಾಗಿದ್ದ ಹಳದಿ ಚೇಳು ಅರಿಶಿಣಿ.

"ಗುಂಡಣ್ಣನ್ನ ಕಂಡು ಎಲ್ಲರೂ ಓಡುತ್ತಾರೆ. ಪಾಪ, ಅವನು ಚಿವುಟುತ್ತಾನೆ ಅಷ್ಟೆ. ಓಡಬೇಕಾದ್ದು ಅರಿಶಿಣಿಯಿಂದ" ಎಂದು ಮಕರಂದ ತಂಗಿಗೆ ಹೇಳುತ್ತಿದ್ದ.

ರಾಜನಿಗೆ ಈ ಹವ್ಯಾಸ ಸುತರಾಂ ಹಿಡಿಸುತ್ತಿರಲಿಲ್ಲ. "ಶತ್ರುರಾಜರು ನಮ್ಮನ್ನು ಕಂಡು ನಗುತ್ತಿದ್ದಾರೆ" ಎಂದು ಅವನು ಗೊಣಗಿದರೆ, "ನಗಲಿ ಅಪ್ಪಾಜಿ. ಹಿತ್ತಿಲ ಬಾಗಿಲಿಂದ ಮಾತ್ರ ಬರಬೇಡಿ ಅಂತ ಹೇಳಿಬಿಡಿ" ಎನ್ನುತ್ತಿದ್ದ ಮಗ.

ಹುಣ್ಣಿಮೆಯ ಸಂಜೆ ಅಣ್ಣ ತಂಗಿ ಇಬ್ಬರೂ ಮಡಕೆಗಳ ಮುಚ್ಚಳ ತೆಗೆದು ಕೂರುತ್ತಿದ್ದರು. ಆ ನಾಡಿನ ಬೆಳದಿಂಗಳು ಬಿದ್ದೊಡನೆ ಚೇಳುಗಳೆಲ್ಲ ಹಸಿರಾಗಿ ಹೊಳೆಯುತ್ತಿದ್ದವು. ಒಮ್ಮೆ ಅರಿಶಿಣಿ ಮಾತ್ರ ಹೊಳೆಯಲಿಲ್ಲ. ಮಂದಾರಿಕೆ ಅಳುತ್ತ, "ಅಣ್ಣಾ, ಇದು ಸಾಯ್ತಾ ಇದೆ" ಎಂದಳು. ಮಕರಂದ ಮಡಕೆಯ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಪೊರೆಯನ್ನು ತೋರಿಸಿದ. "ಸಾಯ್ತಿಲ್ಲ ಕಣೇ, ಹುಟ್ಟಿದೆ. ಹೊಸ ಮೈ ಮೆತ್ತಗಿರುತ್ತದೆ, ಹೊಳೆಯುವುದಿಲ್ಲ. ಕೊಂಡಿಯೂ ಹತ್ತಿಯ ಹಾಗೆ. ಗಟ್ಟಿಯಾಗಲಿ, ಆಮೇಲೆ ನೋಡು." ಅಂದಿನಿಂದ ಆ ಚೇಳಿಗೆ ನೀರು ಹಾಕುವ ಕೆಲಸವನ್ನು ಮಂದಾರಿಕೆಯೇ ವಹಿಸಿಕೊಂಡಳು.

ರಾಜ್ಯದ ಗಡಿಯಲ್ಲಿ ಕರಿಬೆಟ್ಟವಿತ್ತು. ಅಲ್ಲೊಬ್ಬ ಮಾಂತ್ರಿಕನಿದ್ದ. ಅವನಿಗೂ ಒಂದು ಹೆಸರಿತ್ತು, ಆದರೆ ಅದನ್ನು ನಾನು ಹೇಳುವುದಿಲ್ಲ. ಏಕೆಂಬುದು ಕೊನೆಯಲ್ಲಿ ನಿಮಗೇ ತಿಳಿಯುತ್ತದೆ. ಅವನೂ ಚೇಳು ಕೂಡಿಡುತ್ತಿದ್ದ, ಸಾಕುವುದಕ್ಕಲ್ಲ, ವಿಷ ಹಿಂಡುವುದಕ್ಕೆ. ಆ ವಿಷ ಕುಡಿದರೆ ಅವನಿಗೆ ಮುಪ್ಪು ಬರುತ್ತಿರಲಿಲ್ಲ. ಹಿಂಡಿ ಮುಗಿದ ಚೇಳನ್ನು ಗೋಡೆಯಾಚೆ ಎಸೆಯುತ್ತಿದ್ದ.

ಒಂದು ದಿನ ಅವನು ಪಡಸಾಲೆಗೇ ಬಂದು ನಿಂತ. "ನಿನ್ನ ಮಡಕೆಗಳನ್ನೆಲ್ಲ ನನಗೆ ಕೊಡು" ಎಂದ.

"ಕೊಡುವುದಿಲ್ಲ" ಎಂದ ಮಕರಂದ.

ಮಾಂತ್ರಿಕ ಜೋಳಿಗೆಗೆ ಕೈಹಾಕಿದ. ಅರಿಶಿಣಿಗೆ ನೀರು ಹಾಕುತ್ತಿದ್ದ ಮಂದಾರಿಕೆಯ ಮೇಲೆ ಹಿಡಿ ಬೂದಿ ಎರಚಿ ಮಂತ್ರ ಹೇಳಿದ. ರಾಜಕುಮಾರಿ ಚೇಳಾದಳು. ಅವಳನ್ನು ಜೋಳಿಗೆಗೆ ಹಾಕಿಕೊಂಡು, "ನಾಳೆ ಹುಣ್ಣಿಮೆಯ ಚಂದ್ರ ಮೂಡುವುದರೊಳಗೆ ಮಡಕೆಗಳ ಸಮೇತ ಬಾ. ತಡವಾದರೆ ನಿನ್ನ ತಂಗಿ ಎಂದೆಂದಿಗೂ ಚೇಳೇ" ಎಂದು ಮಾಯವಾದ.

ರಾಜ ತಲೆಯ ಮೇಲೆ ಕೈಹೊತ್ತು ಕೂತ. ಮಕರಂದ ಕೂರಲಿಲ್ಲ. ಸೈನ್ಯವನ್ನೂ ಕರೆಯಲಿಲ್ಲ, ಮಡಕೆಗಳನ್ನೂ ಹೊರಲಿಲ್ಲ. ಚೇಳುಗಳನ್ನು ಎಬ್ಬಿಸಲು ಬಳಸುವ ನವಿಲುಗರಿಯನ್ನಷ್ಟೇ ಸೊಂಟಕ್ಕೆ ಸಿಕ್ಕಿಸಿಕೊಂಡ. "ಅಪ್ಪಾಜಿ, ಚೇಳಿನ ವಿಷಯ ತಾನೆ? ನನಗೆ ಬಿಡಿ" ಎಂದು ಹೊರಟ.

ಕರಿಬೆಟ್ಟದ ಬಾಗಿಲಲ್ಲಿ ಎರಡು ಕಾವಲು ಚೇಳುಗಳಿದ್ದವು. ಎಡಕ್ಕೆ ಕೋಣದ ಗಾತ್ರದ ಕರಿಚೇಳು, ಅದರ ಇಕ್ಕಳಗಳೇ ಬಾಗಿಲಿನಷ್ಟು ಅಗಲ. ಬಲಕ್ಕೆ ಕರುವಿನ ಗಾತ್ರದ ಹಳದಿ ಚೇಳು. ಹಿಂದೆ ಬಂದ ವೀರರೆಲ್ಲ ಕರಿಚೇಳಿಗೆ ಹೆದರಿ ಬಲಕ್ಕೇ ಸರಿದಿದ್ದರು, ಅವರ ಎಲುಬುಗಳೆಲ್ಲ ಅಲ್ಲೇ ಬಿದ್ದಿದ್ದವು. ಮಕರಂದ ಎಡಕ್ಕೆ ಹೋಗಿ ಕರಿಚೇಳಿನ ಇಕ್ಕಳ ತಟ್ಟಿದ. "ಏನಪ್ಪ ಗುಂಡಣ್ಣ, ಇಷ್ಟೊಂದು ಬೆಳೆದುಬಿಟ್ಟಿದ್ದೀಯಲ್ಲ" ಎಂದ. ಅದು ನಾಚಿದಂತೆ ಪಕ್ಕಕ್ಕೆ ಸರಿಯಿತು. ತೋಳಿಗೆ ಒಂದು ಚಿವುಟು ಬಿತ್ತು, ಅಷ್ಟೇ.

ಒಳಗೆ ಪ್ರಪಾತದ ಮೇಲೆ ಒಂದಾಳು ಹೋಗುವಷ್ಟೇ ಅಗಲದ ಕಲ್ಲುಸೇತುವೆ. ನಟ್ಟನಡುವೆ ಒಂದು ತಾಯಿಚೇಳು, ಬೆನ್ನ ತುಂಬ ಬಿಳಿಮರಿಗಳು. ಯಾರೇ ಬಂದರೂ ಕೊಂಡಿ ಎತ್ತಿ ಪ್ರಪಾತಕ್ಕೆ ತಳ್ಳುತ್ತಿತ್ತು. ಮಕರಂದ ಸೇತುವೆಯ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದ. ಒಂದು ಮರಿ ಬೆನ್ನಿಂದ ಜಾರಿ ಕಲ್ಲಿನ ಅಂಚಿನಲ್ಲಿ ನೇತಾಡುತ್ತಿತ್ತು. ತಾಯಿ ತಿರುಗಿದರೆ ಉಳಿದ ಮರಿಗಳು ಬೀಳುತ್ತಿದ್ದವು, ಅದಕ್ಕೇ ಅಲುಗದೆ ನಿಂತಿತ್ತು. ಮಕರಂದ ನವಿಲುಗರಿಯನ್ನು ಮೆಲ್ಲಗೆ ಮರಿಯ ಕೆಳಗೆ ಚಾಚಿದ. ಮರಿ ಗರಿ ಹತ್ತಿತು, ಗರಿಯಿಂದ ತಾಯಿಯ ಬೆನ್ನು ಹತ್ತಿತು. ತಾಯಿಚೇಳು ಕೊಂಡಿ ಇಳಿಸಿ, ಹಿಂದಕ್ಕೆ ನಡೆದು ದಾರಿ ಬಿಟ್ಟಿತು.

ಕೊನೆಗೆ ಮಾಂತ್ರಿಕನ ಗುಹೆ ಬಂತು. ಛಾವಣಿಯಲ್ಲಿ ಹುದುಗಿದ್ದ ಚಂದ್ರಶಿಲೆಯೊಂದು ಹಗಲಲ್ಲೂ ಬೆಳದಿಂಗಳು ಸುರಿಸುತ್ತಿತ್ತು. ನೆಲದ ತುಂಬ ನೂರಾರು ಮಡಕೆಗಳು, ಪ್ರತಿಯೊಂದರಲ್ಲೂ ಒಂದೊಂದು ಚೇಳು.

ಬರಿಗೈಲಿ ಬಂದವನನ್ನು ಕಂಡು ಮಾಂತ್ರಿಕ ಹಲ್ಲು ಕಡಿದ. "ಹಾಗಾದರೆ ಪಂದ್ಯ ಕಟ್ಟು. ನಿನ್ನ ತಂಗಿಯನ್ನು ಅಂಗೈ ಮೇಲೆ ಎತ್ತಿಕೊಂಡು ಹೆಸರು ಹಿಡಿದು ಕರೆ, ಮಾಯೆ ಬಿಡುತ್ತದೆ. ಯಾರು ಕರೆದರೂ ಸರಿ, ಈ ಮಾಯೆಗೆ ಅದೊಂದೇ ಬಿಡುಗಡೆ. ತಪ್ಪಿ ಬೇರೆ ಚೇಳನ್ನು ಎತ್ತಿದರೆ ನೀನೂ ಚೇಳಾಗುತ್ತೀ, ನಿನ್ನ ಮಡಕೆಗಳೂ ನನ್ನವು."

"ಆಗಲಿ" ಎಂದ ಮಕರಂದ.

ಮೊದಲ ಸಾಲಿನಲ್ಲೇ ಒಂದು ಚೇಳಿನ ಬಾಲಕ್ಕೆ ಮಂದಾರಿಕೆಯ ಉಂಗುರ ತೊಡಿಸಿತ್ತು. ಅದನ್ನು ಕಂಡು ಮಕರಂದನ ಕೈ ತಾನಾಗಿ ಮುಂದೆ ಹೋಯಿತು. ಬೆರಳು ಮಡಕೆಯ ಅಂಚು ತಾಕಿದಾಗ ಅವನು ತಡೆದು ನಿಂತ. ಆ ಚೇಳು ಹಸಿರಾಗಿ ಹೊಳೆಯುತ್ತಿತ್ತು. ನಿನ್ನೆಯಷ್ಟೇ ಚೇಳಾದವಳಿಗೆ ಇಷ್ಟು ಹೊಳಪೆಲ್ಲಿಯದು?

ಅವನು ಸಾಲು ಸಾಲಾಗಿ ನೋಡುತ್ತ ನಡೆದ. ಎಲ್ಲವೂ ಹೊಳೆಯುತ್ತಿದ್ದವು. ಮೂಲೆಯ ಒಡಕು ಮಡಕೆಯಲ್ಲಿ ಮಾತ್ರ ಮಂಕಾದ ಪುಟ್ಟ ಚೇಳೊಂದು ಮುದುಡಿ ಕೂತಿತ್ತು. ಮಕರಂದ ಅದನ್ನು ಅಂಗೈಗೆ ತೆಗೆದುಕೊಂಡ. ಅದು ಮೆತ್ತಗಿತ್ತು, ನಡುಗುತ್ತಿತ್ತು.

"ಮಂದಾರಿಕೆ" ಎಂದು ಕರೆದ.

ತಂಗಿ ಎದುರಿಗೆ ನಿಂತಿದ್ದಳು. "ಎಷ್ಟೊತ್ತು ಅಣ್ಣಾ?" ಎಂದು ಅವನ ಎದೆಗೊರಗಿ ಅತ್ತಳು. ಮಕರಂದನೂ ಅತ್ತ, ಅದರಲ್ಲಿ ಮುಚ್ಚಿಡುವುದೇನಿದೆ?

ಇಬ್ಬರೂ ತಿರುಗಿ ಹೊರಟಾಗ ಮಾಂತ್ರಿಕನ ಮೈಯೆಲ್ಲ ಉರಿಯಿತು. ಕೊಟ್ಟ ಮಾತು ಮರೆತು ತನ್ನ ಮೇಲೆ ತಾನೇ ಬೂದಿ ಎರಚಿಕೊಂಡ. ಘೋರವಾದ ಹಳದಿ ಚೇಳಾಗಿ ಮಕರಂದನ ಹಿಮ್ಮಡಿಗೆ ಬಲವಾಗಿ ಕುಟುಕಿದ. ಆದರೆ ಆ ಮೈಯೂ ಆಗಷ್ಟೇ ಬಂದದ್ದು. ಕೊಂಡಿ ಒಳಗಿಳಿಯದೆ ಬತ್ತಿಯಂತೆ ಮಡಚಿಕೊಂಡಿತು. ಜೀವಮಾನವಿಡೀ ಚೇಳು ಹಿಂಡಿದವನು ಒಂದು ದಿನವೂ ಕೂತು ಚೇಳನ್ನು ನೋಡಿರಲಿಲ್ಲ. ತನ್ನ ಹೆಸರನ್ನು ತಾನೇ ಕೂಗಿ ಮತ್ತೆ ಮನುಷ್ಯನಾಗೋಣವೆಂದರೆ ಚೇಳಿಗೆ ದನಿಯಿಲ್ಲ. ಮಂದಾರಿಕೆ ತಾನಿದ್ದ ಒಡಕು ಮಡಕೆಯನ್ನೇ ಎತ್ತಿ ಅವನ ಮೇಲೆ ಬೋರಲು ಹಾಕಿದಳು.

ಅಣ್ಣ ತಂಗಿ ಗುಹೆಯ ಉಳಿದ ಚೇಳುಗಳನ್ನೆಲ್ಲ ಮರಳಿಗೆ ಬಿಟ್ಟರು. ಒಂದು ನೀಲಿ ಚೇಳನ್ನು ಮಾತ್ರ ಮಕರಂದ ಮೆಲ್ಲಗೆ ಜೇಬಿಗಿಳಿಸಲು ನೋಡಿದ. ಮಂದಾರಿಕೆ ಕಣ್ಣು ಬಿಟ್ಟ ಮೇಲೆ ಅದನ್ನೂ ಬಿಟ್ಟ. ಮಾಂತ್ರಿಕನಿದ್ದ ಒಡಕು ಮಡಕೆಯನ್ನು ಹೊತ್ತು ಇಬ್ಬರೂ ಅರಮನೆ ತಲುಪಿದಾಗ ಚಂದ್ರ ಮೂಡುತ್ತಿದ್ದ. ರಾಜ ಇಂದುಶೇಖರ ಮೊದಲ ಬಾರಿಗೆ ಹಿತ್ತಿಲ ಬಾಗಿಲಿಂದಲೇ ಓಡಿಬಂದು ಮಕ್ಕಳನ್ನು ತಬ್ಬಿಕೊಂಡ.

ಅಲ್ಲಿಂದ ಮುಂದೆ ಸಿಕತಾಪುರದಲ್ಲಿ ಎಲ್ಲರೂ ಸುಖವಾಗಿದ್ದರು. ಪಡಸಾಲೆಯಲ್ಲಿ ಮಡಕೆಗಳು ಹೆಚ್ಚುತ್ತಲೇ ಹೋದವು, ಪ್ರತಿಯೊಂದು ಚೇಳಿಗೂ ಒಂದೊಂದು ಹೆಸರು ಬಂತು. ಕೊನೆಯ ಒಡಕು ಮಡಕೆಯ ಚೇಳಿಗೂ ಮಂದಾರಿಕೆ ತಪ್ಪದೆ ನೀರು ಹಾಕುತ್ತಿದ್ದಳು. ಆದರೆ ಅದನ್ನು ಯಾರೂ ಅಂಗೈ ಮೇಲೆ ಎತ್ತಿಕೊಳ್ಳಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ. ಕರೆಯದೆ ಕರೆಯದೆ ಆ ಹೆಸರೇ ಜನರಿಗೆ ಮರೆತುಹೋಯಿತು. ನನಗೆ ಗೊತ್ತು, ಆದರೆ ನಾನೂ ಹೇಳುವುದಿಲ್ಲ.