ನನ್ನ ಕಾರಿನ ಫಿಲ್ಟರ್ ಮುಟ್ಟಿದ್ಯಾರು?

"ನನ್ನ ಕಾರಿನ ಪೈಪಿಗೆ ಬ್ಯಾಂಡೇಜ್ ಸುತ್ತಿದ್ಯಾರು?!"

ಗ್ಯಾರೇಜಿನಲ್ಲಿದ್ದ ಮೂವರೂ ತಲೆ ಎತ್ತಿದರು. ಇಬ್ಬರು ತಕ್ಷಣ ತಲೆ ತಗ್ಗಿಸಿದರು. ಮೂರನೆಯವನು ಮಾತ್ರ ಕೈಯಲ್ಲಿದ್ದ ಸ್ಪ್ಯಾನರನ್ನು ಅದರ ಜಾಗದಲ್ಲಿಟ್ಟು, ಬಟ್ಟೆಯಿಂದ ಒಂದೊಂದೇ ಬೆರಳು ಒರೆಸಿಕೊಂಡು, ಆಮೇಲೆ ಬಾಗಿಲಲ್ಲಿ ನಿಂತು ಕೂಗಿದ ಹುಡುಗಿಯತ್ತ ನೋಡಿದ.

ಅಷ್ಟು ಹೊತ್ತಿಗೆ ಅವಳ ಕೋಪ ಎರಡು ಪಟ್ಟಾಗಿತ್ತು.

"ನಾನೇ," ಎಂದ.

"ಯಾರನ್ನ ಕೇಳಿ?"

"ನಿಮ್ಮ ತಂದೆ ಕಾರು ಬಿಟ್ಟು ಹೋದ್ರು. ಸರ್ವಿಸ್ ಮಾಡಿ ಅಂದ್ರು."

"ಸರ್ವಿಸ್ ಮಾಡಿ ಅಂದ್ರೆ ಬ್ಯಾಂಡೇಜ್ ಸುತ್ತಿ ಅಂತಾನಾ? ಕಂಪನಿಯವರು ಕೊಟ್ಟ ಪ್ಲಾಸ್ಟಿಕ್ ಡಬ್ಬ ಕಿತ್ತು ಹಾಕಿ, ಈ ಪೈಪು, ಈ ಫಿಲ್ಟರ್ ಹುಡುಕಿ ತರಿಸಿ ಕೂರಿಸಿದ್ದು ನಾನು! ನನ್ನ ಕೈಯಾರೆ!"

ಅವನು ವಾದ ಮಾಡಲಿಲ್ಲ. ಅವಳು ಆಗಷ್ಟೇ ಓಡಿಸಿಕೊಂಡು ಬಂದಿದ್ದ ಕಾರಿನ ಬಾನೆಟ್ ಎತ್ತಿದ. ಗಾಳಿ ಎಳೆದುಕೊಳ್ಳುವ ಅಲ್ಯೂಮಿನಿಯಂ ಪೈಪಿಗೆ ಉದ್ದಕ್ಕೂ ಬೆಳ್ಳಿ ಬಣ್ಣದ ಪಟ್ಟಿ ಸುತ್ತಿತ್ತು. ಕೊನೆಯಲ್ಲಿ ನಾಲ್ಕು ಬೆರಳಿನಷ್ಟು ಜಾಗ ಮಾತ್ರ ಹಾಗೇ ಉಳಿದಿತ್ತು.

"ಇಲ್ಲಿ ಮುಟ್ಟಿ," ಎಂದ.

ಮುಟ್ಟಿದಳು. "ಅಮ್ಮಾ!" ಎಂದು ಕೈ ಎಳೆದುಕೊಂಡಳು.

"ಈಗ ಪಟ್ಟಿ ಮೇಲೆ."

ಬರೀ ಬೆಚ್ಚಗಿತ್ತು.

"ಬಿಸಿಗಾಳಿ ಎಳ್ಕೊಂಡ್ರೆ ಎಂಜಿನ್‌ಗೆ ದಮ್ಮಿರಲ್ಲ. ಫಿಲ್ಟರ್ ಸುತ್ತ ಒಂದು ತಗಡಿನ ಗೋಡೆಯೂ ಬೇಕು. ಅದನ್ನ ಕೇಳಿಯೇ ಮಾಡ್ತೀನಿ."

ಸರಿಯಾಗಿಯೇ ಹೇಳುತ್ತಿದ್ದ. ಅದೇ ಅವಳಿಗೆ ಇನ್ನಷ್ಟು ಮೈ ಉರಿಸಿತು. 'ಇವನಿಗೆ ಸ್ವಲ್ಪ ಗಾಬರಿಯಾದ್ರೂ ಆಗ್ಬಾರ್ದಾ? ಇಷ್ಟು ಕೂಗಾಡ್ತಿದ್ದೀನಿ!'

ನಮ್ಮ ಹುಡುಗಿಯ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ವಾರವೆಲ್ಲ ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ತಿಳಿಯದವರ ಪಕ್ಕ ಕೂತು ಎಂಟು ಗಂಟೆ ಸಹಿಸುವವಳಿಗೆ ಮನೆಗೆ ಬರುವಷ್ಟರಲ್ಲಿ ತಾಳ್ಮೆ ತಳ ಕಂಡಿರುತ್ತದೆ. ಅಪ್ಪ ಅವಳನ್ನು ಕರೆಯುವುದೇ 'ಸಿಡುಕಿ' ಎಂದು. ಅವಳಿಗಿದ್ದ ಒಂದೇ ಆಸೆಯೆಂದರೆ ಮೋಟಾರು ಕ್ಲಬ್ಬಿನ ಬೆಟ್ಟದ ಓಟದಲ್ಲಿ ಗೆದ್ದು, ತಂಡದಲ್ಲಿ ಒಂದು ಸೀಟು ಹಿಡಿಯುವುದು.

ಆ ಕ್ಲಬ್ಬಿನ ಒಪ್ಪಿಗೆಪತ್ರ ಇದ್ದವರು ಮಾತ್ರ ಓಟದ ಕಾರುಗಳನ್ನು ಮುಟ್ಟಬಹುದು. ಇವನಿಗೆ ಆ ಪತ್ರ ಸಿಕ್ಕಿ ಹನ್ನೊಂದು ವರ್ಷವಾಗಿತ್ತು. ಎಲ್ಲರೂ ಅವನನ್ನು 'ನಿಧಾನಪ್ಪ' ಎನ್ನುತ್ತಿದ್ದರು. ಯಾಕೆಂದು ಅವಳಿಗೆ ಮೊದಲ ದಿನವೇ ಅರ್ಥವಾಯಿತು.

ತಗಡಿನ ಗೋಡೆ ಕಟ್ಟಿಸಲು ಒಂದು ಶನಿವಾರ ಹೋದಳು. ಫಿಲ್ಟರ್ ತೊಳೆಯುವುದು ಕಲಿಯಲು ಇನ್ನೊಂದು ಶನಿವಾರ. ಆಮೇಲೆ ನೆಪ ಹುಡುಕುವುದನ್ನೂ ಬಿಟ್ಟಳು.

"ಒಳಗಿನಿಂದ ಹೊರಕ್ಕೆ ನೀರು ಬಿಡಿ. ಹೊರಗಿನಿಂದ ಬಿಟ್ರೆ ಧೂಳು ಫಿಲ್ಟರಿನ ಬಟ್ಟೆಯೊಳಗೇ ಹೂತ್ಕೊಳ್ಳುತ್ತೆ."

"ಒಣಗೋಕೆ ಹೇರ್ ಡ್ರೈಯರ್ ಹಿಡೀಲಾ?"

"ಬೇಡ. ಬಟ್ಟೆ ಕುಗ್ಗುತ್ತೆ. ನೆರಳಲ್ಲಿ ಒಣಗ್ಲಿ."

"ಎಷ್ಟು ಹೊತ್ತು?"

"ಒಣಗೋವರೆಗೂ."

ಅವಳು ಹಲ್ಲು ಕಚ್ಚಿದಳು. ಅವನು ಬಾಗಿ, ನೀಲಿ ಎಣ್ಣೆಯ ಬಾಟಲಿ ಹಿಡಿದು, ಫಿಲ್ಟರಿನ ಒಂದೊಂದು ಮಡಿಕೆಗೂ ಒಂದೊಂದೇ ತೆಳು ಗೆರೆ ಎಳೆದ.

"ಮಡಿಕೆಗೊಂದು ಗೆರೆ. ಅಷ್ಟೇ. ಧೂಳು ಹಿಡಿಯೋಕೆ ಅಷ್ಟು ಸಾಕು. ಇಪ್ಪತ್ತು ನಿಮಿಷದಲ್ಲಿ ತಾನೇ ಹರಡುತ್ತೆ."

ಆ ಇಪ್ಪತ್ತು ನಿಮಿಷದಲ್ಲಿ ಅವಳು ಲೋಕದ ಮೇಲಿನ ಸಿಟ್ಟನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ಅವನು ಕೇಳುತ್ತಿದ್ದ. ಮೂರನೆಯ ಶನಿವಾರದ ಹೊತ್ತಿಗೆ ಅವನ ಸ್ಟೂಲಿನ ಪಕ್ಕ ಇನ್ನೊಂದು ಸ್ಟೂಲು ಬಂದಿತ್ತು. ಅವಳು ಅದರ ಮೇಲೆ ಕೂತಳು, ಅಷ್ಟೇ.

'ಇವನ ಮೇಲೆ ಬರೋಷ್ಟು ಕೋಪ ಬೇರೆ ಯಾರ ಮೇಲೂ ಬರಲ್ಲ... ಆದ್ರೂ ಶನಿವಾರ ಬೇಗ ಬರಲಿ ಅನಿಸುತ್ತಲ್ಲ, ಯಾಕೆ?'

ಓಟಕ್ಕೆ ಒಂದು ವಾರವಿದ್ದಾಗ ಅಪ್ಪ ಅವಳ ಕಾರನ್ನು ಗೇಟಿಗೆ ಉಜ್ಜಿಬಿಟ್ಟರು. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ. ಕಣ್ಣು ಈಗ ಮೊದಲಿನಂತಿರಲಿಲ್ಲ. ಅವಳು ಅವರ ಕೈಯಿಂದ ಕೀ ಕಿತ್ತುಕೊಂಡಳು.

"ಇನ್ಮೇಲೆ ನನ್ನ ಕಾರಿನ ಹತ್ರ ಬಂದ್ರೆ ನೋಡಿ!"

ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಓಟದ ಗಡಿಬಿಡಿಯಲ್ಲಿ ಅವಳು ಅದನ್ನು ಗಮನಿಸಲೂ ಇಲ್ಲ.

ಭಾನುವಾರ ಬೆಳಗ್ಗೆ ಓಟದ ಬಾವುಟ ಬೀಸಿದರು. ಮೊದಲ ತಿರುವು ಚೆನ್ನಾಗಿ ಹೋಯಿತು. ಎರಡನೆಯದೂ. ನಾಲ್ಕನೆಯ ತಿರುವಿನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ... ಕಾರು ಬಿಕ್ಕಿತು! ಮತ್ತೆ ಒತ್ತಿದಳು. ಮತ್ತೆ ಬಿಕ್ಕಿತು. ಏದುಸಿರು ಬಿಡುತ್ತಾ ಬೆಟ್ಟದ ತುದಿ ತಲುಪುವಷ್ಟರಲ್ಲಿ ಅವಳ ಹೆಸರು ಪಟ್ಟಿಯ ಕೊನೆಗೆ ಇಳಿದಿತ್ತು. ತಂಡದ ಸೀಟು ಬೇರೆಯವರ ಪಾಲಾಯಿತು.

ಕೆಳಗೆ ಬಂದಾಗ ಅವನು ಬಾನೆಟ್ ಎತ್ತಿ ನೋಡಿದ. ಫಿಲ್ಟರ್ ನೋಡಿದ. ಅದರ ಹಿಂದೆ ಗಾಳಿ ಅಳೆಯುವ ಸೆನ್ಸರಿನ ಕೂದಲೆಳೆಯಂಥ ತಂತಿಯನ್ನೂ ನೋಡಿದ. ಆಮೇಲೆ ಅವಳ ಹೆಗಲಾಚೆ ಎಲ್ಲೋ ನೋಡಿದ. ಅಲ್ಲಿ ಅಪ್ಪ ನಿಂತಿದ್ದರು. ಅವಳು ತಿರುಗಲಿಲ್ಲ.

"ಎಣ್ಣೆ ಜಾಸ್ತಿಯಾಗಿದೆ. ಸೆನ್ಸರಿಗೆ ಅಂಟಿದೆ, ಅದಕ್ಕೇ ಕಾರು ಬಿಕ್ಕಿದ್ದು," ಎಂದ. ಸ್ವಲ್ಪ ತಡೆದು, "ನನ್ನ ತಪ್ಪು."

"ಏನಂದ್ರಿ?!"

"ನನ್ನ ತಪ್ಪು."

ಒಂದು ವರ್ಷದ ಕನಸು! ಅದನ್ನು 'ನನ್ನ ತಪ್ಪು' ಎಂಬ ಎರಡು ಮಾತಿನಲ್ಲಿ ಮುಗಿಸಿಬಿಟ್ಟನಲ್ಲ! ಫಿಲ್ಟರ್ ಕಿತ್ತು ಚೀಲಕ್ಕೆ ತುರುಕಿ ಡಿಕ್ಕಿಗೆ ಎಸೆದಳು.

"ನಿಮ್ಮ ಮುಖ ಇನ್ನೊಂದ್ಸಲ ತೋರಿಸ್ಬೇಡಿ."

ಮನೆಗೆ ಬಂದವಳೇ ಕ್ಲಬ್ಬಿಗೆ ಪತ್ರ ಬರೆದಳು. 'ಬೇಜವಾಬ್ದಾರಿ ಮನುಷ್ಯ. ಒಪ್ಪಿಗೆಪತ್ರ ರದ್ದು ಮಾಡಿ.' ಬುಧವಾರ ನಾಲ್ಕು ಗಂಟೆಗೆ ಸಭೆ ಎಂದು ಉತ್ತರ ಬಂತು. 'ಆಗ್ಲಿ! ಅನುಭವಿಸ್ಲಿ!' ಎಂದುಕೊಂಡಳು.

ಬುಧವಾರ ಮಧ್ಯಾಹ್ನ ಫಿಲ್ಟರನ್ನು ತಾನೇ ತೊಳೆಯೋಣವೆಂದು ಹಿತ್ತಲಿನ ನಲ್ಲಿಯ ಕೆಳಗಿಟ್ಟಳು. ಒಳಗಿನಿಂದ ಹೊರಕ್ಕೆ ನೀರು ಬಿಟ್ಟಳು.

ನೀರು ಕೆಂಪಗೆ ಹರಿಯಿತು.

ಅವಳ ಕೈ ನಿಂತಿತು. ಕೆಂಪು? ಅವನ ಎಣ್ಣೆ ನೀಲಿಯಲ್ಲವೇ? ಕೆಂಪು ಎಣ್ಣೆ ಇದ್ದದ್ದು ಒಂದೇ ಕಡೆ. ಫಿಲ್ಟರಿನ ಜೊತೆ ಬಂದು, ಮನೆಯ ಬೀರುವಿನಲ್ಲಿ ಬಿದ್ದಿದ್ದ ಬಾಟಲಿ. ಓಡಿಹೋಗಿ ಬೀರು ತೆಗೆದಳು. ತುಂಬಿದ್ದ ಬಾಟಲಿ ಖಾಲಿ!

ಬಾಗಿಲಲ್ಲಿ ಅಪ್ಪ ನಿಂತಿದ್ದರು.

"ಅಪ್ಪಾ... ನೀವಾ?"

"ಓಟದ ಹಿಂದಿನ ಸಂಜೆ ಬಾನೆಟ್ ಎತ್ತಿ ಫಿಲ್ಟರ್ ಮುಟ್ಟಿ ನೋಡ್ದೆ ಕಣೇ. ಒಣಗಿತ್ತು. ನಮ್ಮ ಬಸ್ಸಲ್ಲಿ ಫಿಲ್ಟರ್ ಅಂದ್ರೆ ಕೆಳಗೊಂದು ಬಟ್ಟಲು, ಅದರ ತುಂಬ ಎಣ್ಣೆ. ಧೂಳೆಲ್ಲ ಅದರಲ್ಲಿ ಬೀಳ್ಬೇಕು. ಮೂವತ್ತು ವರ್ಷ ಅದನ್ನೇ ನೋಡಿದ್ದು ನಾನು. ಪಾಪ, ಆ ಹುಡುಗ ಎಣ್ಣೆ ಹಾಕೋದು ಮರೆತಿದ್ದಾನೆ ಅಂದ್ಕೊಂಡು... ಸುರಿದುಬಿಟ್ಟೆ."

"ಹೇಳ್ಬಾರ್ದಿತ್ತಾ ಅಪ್ಪಾ?! ಅವತ್ತೇ ಹೇಳ್ಬಾರ್ದಿತ್ತಾ?!"

"ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ನನ್ನ ಮುಖ ನೋಡಿ ಅವನೇ ತನ್ನ ತಪ್ಪು ಅಂದ್ಬಿಟ್ಟ. ನೀನು ಕೀ ಕಿತ್ಕೊಂಡ ವಿಷಯ ನಾನು ಮೊದ್ಲೇ ಅವನ ಹತ್ರ ಹೇಳ್ಕೊಂಡಿದ್ದೆ." ಅಪ್ಪನ ದನಿ ಸಣ್ಣದಾಯಿತು. "ನಿನ್ನ ಕೋಪ ಅಂದ್ರೆ ನಂಗೆ ಭಯ ಕಣೇ."

ಅವಳಿಗೆ ಕೆನ್ನೆಗೆ ಬಾರಿಸಿದಂತಾಯಿತು. ಹೆತ್ತ ಅಪ್ಪನಿಗೇ ಭಯವೇ? ನಾಚಿಕೆಯಾಯಿತು. ನಾಚಿಕೆಯಾದಾಗ ಅವಳಿಗೆ ಬರುವುದೂ ಕೋಪವೇ. ಈ ಸಲ ಅದು ತನ್ನ ಮೇಲೂ ಬಂತು, ಅವನ ಮೇಲೂ ಬಂತು.

ಗಡಿಯಾರದಲ್ಲಿ ಮೂರೂವರೆ.

"ಅಪ್ಪಾ, ಚಪ್ಪಲಿ ಹಾಕ್ಕೊಳ್ಳಿ. ಕ್ಲಬ್ಬಿಗೆ ಹೋಗ್ಬೇಕು. ಈ ಕೋಪದಲ್ಲಿ ನಾನು ಓಡಿಸಲ್ಲ. ನೀವೇ ಓಡ್ಸಿ."

ಹೊರಗೆ ಡ್ರೈವಿಂಗ್ ಸ್ಕೂಲಿನ ಕಾರು ನಿಂತಿತ್ತು. ಪಾಠ ಹೇಳುವವರ ಕಾಲಬುಡದಲ್ಲೂ ಒಂದು ಬ್ರೇಕ್ ಇರುವ ಕಾರು. ಅಪ್ಪ ಸ್ಟೀರಿಂಗ್ ಹಿಡಿದು ಎರಡು ಬೀದಿ ದಾಟಿರಲಿಲ್ಲ.

"ಸಿಡುಕಿ, ಆ ಬ್ರೇಕ್ ಮೇಲಿಂದ ಕಾಲು ತೆಗಿ. ಕಾರು ಮುಂದೆ ಹೋಗ್ತಿಲ್ಲ."

ಅವಳು ತೆಗೆದಳು.

ಕ್ಲಬ್ಬಿನ ಕೋಣೆಯಲ್ಲಿ ಉದ್ದನೆಯ ಮೇಜಿನಾಚೆ ಮೂವರು ಕೂತಿದ್ದರು. ಈಚೆ ಅವನು ನಿಂತಿದ್ದ. ಒಪ್ಪಿಗೆಪತ್ರ ಆಗಲೇ ಮೇಜಿನ ಮೇಲಿತ್ತು.

"ನಿಲ್ಸಿ! ನಾನು ಬರೆದಿದ್ದು ತಪ್ಪು!"

ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡಿದರು. "ಇವರೇ ಒಪ್ಕೊಂಡಿದ್ದಾರಲ್ಲಮ್ಮ?"

"ಇವರೊಬ್ಬ ಸುಳ್ಳುಗಾರ!"

ಅಪ್ಪ ಅವಳನ್ನು ಸರಿಸಿ ಮುಂದೆ ಬಂದರು. ಬೆನ್ನು ನೆಟ್ಟಗಿತ್ತು. "ಎಣ್ಣೆ ಸುರಿದವನು ನಾನು, ಸ್ವಾಮಿ. ಈ ಹುಡುಗ ನನ್ನ ಮರ್ಯಾದೆ ಉಳ್ಸೋಕೆ ತನ್ನ ಮೇಲೆ ಹಾಕ್ಕೊಂಡ."

ಅಧ್ಯಕ್ಷರು ಅವಳ ಪತ್ರವನ್ನು ಅವಳ ಕೈಗೇ ಕೊಟ್ಟು, ಒಪ್ಪಿಗೆಪತ್ರವನ್ನು ಅವನತ್ತ ಸರಿಸಿದರು.

ಹೊರಗೆ ಮೆಟ್ಟಿಲ ಬಳಿ ಅವಳು ಅವನಿಗೆ ಅಡ್ಡ ನಿಂತಳು.

"ಯಾಕೆ ಸುಳ್ಳು ಹೇಳಿದ್ರಿ?"

ಅವನು ಒಪ್ಪಿಗೆಪತ್ರವನ್ನು ನಿಧಾನವಾಗಿ ಮಡಿಸಿ ಜೇಬಿಗಿಟ್ಟ.

"ಮಾತಾಡಿ! ನನ್ನಪ್ಪ ಅವರು. ಅವರನ್ನ ನಾನೇನು ನುಂಗಿಬಿಡ್ತಿದ್ನಾ? ನಾನೇನು ರಾಕ್ಷಸೀನಾ? ನಾನು ಏನು ತಡ್ಕೊಳ್ತೀನಿ, ಏನು ತಡ್ಕೊಳ್ಳಲ್ಲ ಅಂತ ತೀರ್ಮಾನ ಮಾಡೋಕೆ ನೀವ್ಯಾರು? ಒಂದು ಮಾತು..."

"ನೀವು ಕೇಳಿದ್ರಾ?!"

ಅವಳು ಬೆಚ್ಚಿದಳು. ಅದು ಅವನ ದನಿಯೇ? ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿದರು.

"ಒಂದು ಸಲ, ಒಂದೇ ಒಂದು ಸಲ 'ನಿಜಾನಾ' ಅಂತ ಕೇಳಿದ್ರಾ? ಮಡಿಕೆಗೊಂದು ಗೆರೆ ಅಂತ ನಿಮಗೆ ಕಲಿಸಿದವನು ನಾನು! ಅವನು ಬಾಟಲಿ ಪೂರ್ತಿ ಸುರೀತಾನೆ ಅಂದ್ರೆ ನಂಬಿಬಿಡೋದಾ? ಸುಳ್ಳು ಹೇಳ್ದೆ, ನನ್ನ ತಪ್ಪೇ. ಒಪ್ಪಿಗೆಪತ್ರ ಹೋಗಿದ್ರೂ ಹೇಗೋ ಬದುಕ್ತಿದ್ದೆ. ಆದ್ರೆ ನೀವು ಅಷ್ಟು ಸುಲಭವಾಗಿ ನಂಬಿದ್ರಲ್ಲ..."

ಅವನು ಮುಖ ತಿರುಗಿಸಿದ.

ಹೌದು, ನಂಬಿದ್ದಳು! ಇಪ್ಪತ್ತು ನಿಮಿಷ ಎಂದರೆ ಇಪ್ಪತ್ತೇ ನಿಮಿಷ ಕಾಯುವ ಮನುಷ್ಯನನ್ನು ಅಷ್ಟು ಹತ್ತಿರದಿಂದ ನೋಡಿಯೂ, ಕೋಪ ಮಾಡಿಕೊಳ್ಳಲು ಯಾರೋ ಒಬ್ಬರು ಬೇಕಿತ್ತೆಂದು ನಂಬಿಬಿಟ್ಟಿದ್ದಳು. ಕಣ್ಣಿಂದ ನೀರು ಧುಮುಕಿತು. ಒರೆಸಿಕೊಳ್ಳಲಿಲ್ಲ.

"ಕ್ಷಮಿಸಿ," ಎಂದಳು. ಹುಟ್ಟಿದಾಗಿನಿಂದ ಆ ಮಾತನ್ನು ಎಷ್ಟು ಸಲ ಆಡಿದ್ದಳೋ, ಬೆರಳಲ್ಲಿ ಎಣಿಸಬಹುದು. "ನಿಮಗೆ ಕೋಪಾನೂ ಬರುತ್ತೆ ಅಂತ ಗೊತ್ತಿರ್ಲಿಲ್ಲ."

"ಎಲ್ಲರ ಮೇಲೂ ಬರಲ್ಲ."

"ಮತ್ತೆ?"

ಅವನು ಉತ್ತರಿಸಲು ತುಂಬಾ ಹೊತ್ತು ತೆಗೆದುಕೊಂಡ. ಮೊದಲಾಗಿದ್ದರೆ ಅವಳು ಅಷ್ಟರಲ್ಲಿ ನಾಲ್ಕು ಸಲ ಸಿಡುಕಿರುತ್ತಿದ್ದಳು.

"ಇಷ್ಟ ಆದವರ ಮೇಲೆ," ಎಂದ ಕೊನೆಗೆ. "ನೀವಂದ್ರೆ ನಂಗೆ ಇಷ್ಟ. ಮೊದಲನೇ ದಿನ ಕೂಗಾಡಿದಾಗಿನಿಂದ."

"ನಂಗೂ..." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ನಂಗೂ ನೀವಂದ್ರೆ ತುಂಬಾ ಇಷ್ಟ. ಆದ್ರೆ ನಾನು ನಾಳೆನೂ ಕೋಪ ಮಾಡ್ಕೊಳ್ತೀನಿ, ಈಗಲೇ ಹೇಳ್ತಿದ್ದೀನಿ!"

"ಮಾಡ್ಕೊಳ್ಳಿ. ಮೊದ್ಲು ಕೇಳಿ, ಆಮೇಲೆ ಮಾಡ್ಕೊಳ್ಳಿ."

"ನೀವೂ ಅಷ್ಟೇ. ಮೊದ್ಲು ನಿಜ ಹೇಳಿ, ಆಮೇಲೆ ಎಷ್ಟು ಬೇಕಾದ್ರೂ ಸುಮ್ನಿರಿ."

"ಆಯ್ತು," ಎಂದು ಅವಳ ಕೈ ಹಿಡಿದುಕೊಂಡ. "ಹಾಗಾದ್ರೆ ಒಂದು ನಿಜ ಹೇಳ್ಲಾ?"

"ಏನು?"

"ಇನ್ನೂ ಕೋಪ ಹೋಗಿಲ್ಲ ನಂಗೆ."

ಅವಳು ಅಳುತ್ತಲೇ ನಕ್ಕಳು. "ಹೋಗೋವರೆಗೂ ಕಾಯ್ತೀನಿ."