ಮೂರು ಗಂಟೆಯ ನಂಬರು

ಹಳೆಯ ಫೋನಿನ ಹಿಂಬದಿ ಬಿಚ್ಚಿದೆ. ಸಿಮ್ ಇರಬೇಕಾದ ಜಾಗ ಖಾಲಿ.

ಕೌಂಟರಿನ ಆಚೆ ನಿಂತಿದ್ದ ಟೇಲರ್ ಹೆಂಡತಿಯ ಮುಖ ಬಿಳಿಚಿಕೊಂಡಿತು. ಆಕೆಯ ಕೈಯಲ್ಲಿ ತಮ್ಮ ಕೊಡಿಸಿದ ಹೊಸ ಫೋನಿತ್ತು—ಯಾವ ಕಂಪನಿಯ ಸಿಮ್ ಹಾಕಿದರೂ ನಡೆಯುವ ಅನ್‌ಲಾಕ್ ಫೋನು. ಹಳೆಯ ದೊಡ್ಡ ಸಿಮ್ಮನ್ನು ಅಳತೆಗೆ ಕತ್ತರಿಸಿ ಇದಕ್ಕೆ ಹಾಕಿಸಿಕೊಳ್ಳಲು ನನ್ನ ಅಂಗಡಿಗೆ ಬಂದಿದ್ದರು. ಫೋನಿಟ್ಟಿದ್ದ ಬಟ್ಟೆಯ ಚೀಲ ಕೊಡವಿದೆ. ಬಿಳಿ ಪ್ಲಾಸ್ಟಿಕ್ಕಿನ ಎರಡು ಚೂರು ಬಿದ್ದವು. ಕಸವೆಂದು ಪಕ್ಕಕ್ಕೆ ತಳ್ಳಿದೆ.

"ಅದೇ ನಂಬರಿಗೆ ಬೇರೆ ಸಿಮ್ ಕೊಡಿಸ್ತೀನಿ ಅಕ್ಕ. ಆದ್ರೆ ಚಾಲೂ ಆಗೋದು ನಾಳೆ."

"ನಾಳೆ ತಗೊಂಡು ಏನು ಮಾಡ್ಲಿ? ಇವತ್ತು ಮೂರು ಗಂಟೆಗೆ ಮಗಳು ಫೋನ್ ಮಾಡ್ತಾಳೆ."

ಆಗಲೇ ಎರಡು ದಾಟಿತ್ತು. ಮಗಳು ಅಪ್ಪನೊಂದಿಗೆ ಜಗಳವಾಡಿ ಮನೆ ಬಿಟ್ಟು ಮೂರು ವರ್ಷ. ತಿಂಗಳ ಮೊದಲ ಶನಿವಾರ, ಅಪ್ಪ ಅಂಗಡಿಯಲ್ಲಿರುವ ಹೊತ್ತು ನೋಡಿ, ಯಾರದೋ ಫೋನಿನಿಂದ ಮಾತಾಡುತ್ತಾಳೆ. ತನ್ನ ನಂಬರು ಕೊಟ್ಟಿಲ್ಲ. ಒಂದು ಸಲ ಎತ್ತದಿದ್ದರೂ ಮತ್ತೆ ಮಾಡುವುದಿಲ್ಲ ಎಂದಿದ್ದಾಳಂತೆ.

ಮೂಲೆಯ ಕುರ್ಚಿಯಲ್ಲಿ ನಮ್ಮತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರವರ ಮಾತಿಗೆ ಮಾತು ಜೋಡಿಸಿ ನಿವೃತ್ತರಾದವರು. ನಿದ್ದೆ ಎಂದು ನಂಬಿದವರೆಲ್ಲ ಬೇಸ್ತು ಬಿದ್ದಿದ್ದಾರೆ.

"ಆ ನಂಬರಿಗೆ ರಿಂಗ್ ಮಾಡು ಪುಟ್ಟಿ," ಎಂದರು.

ಮಾಡಿದೆ. ರಿಂಗಾಯಿತು! ಗಾಜಿನ ಮೇಲೆ ಬಿಸಿಲು ಜೊಂಪು ಹತ್ತಿದಂತೆ ಬಿದ್ದಿತ್ತು, ಧೂಳು ತೇಲುತ್ತಿತ್ತು, ಆ ನಂಬರು ಎಲ್ಲೋ ದೂರದ ಕನಸಿನಲ್ಲಿ ಎಂಬಂತೆ ಮೊಳಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಅಂದರೆ ಸಿಮ್ ಬೇರೊಂದು ಫೋನಿನಲ್ಲಿ ಜೀವಂತವಾಗಿದೆ. ಯಾರ ಫೋನು?

ಅತ್ತೆ ವಿಚಾರಿಸತೊಡಗಿದರು. ರಾತ್ರಿ ಸಿಮ್ ಇತ್ತೇ? ಇತ್ತು, ತಮ್ಮನ ಜೊತೆ ಮಾತಾಡಿದ್ದೆ. ತಮ್ಮ ಮನೆಗೆ ಬಂದಿದ್ದನೇ? ಇಲ್ಲ. ಮನೆಯಲ್ಲಿ ಯಾರಿದ್ದಾರೆ? ಹೊಸ ಫೋನಿನ ಮೇಲೆ ಕಣ್ಣು ಹಾಕಿರುವ ನಾದಿನಿ. ಮತ್ತೆ ಗಂಡ.

"ನಮ್ಮೋರು ಫೋನ್ ಮುಟ್ಟೋರೇ ಅಲ್ಲ. ನಾದಿನಿದೇ ಕೈವಾಡ."

"ನಾದಿನಿ ಸಿಮ್ ಕದ್ದು ಏನು ಮಾಡ್ತಾಳೆ? ಕಣ್ಣಿರೋದು ಫೋನಿನ ಮೇಲಲ್ವಾ?" ಅತ್ತೆ ನಾನು ತಳ್ಳಿದ್ದ ಚೂರುಗಳನ್ನು ಅಂಗೈ ಮೇಲಿಟ್ಟುಕೊಂಡರು. "ನಡೀರಿ, ಟೇಲರ್ ಅಂಗಡಿಗೆ."

ಪಕ್ಕದ ಬೀದಿಯ ಆ ಅಂಗಡಿಯಲ್ಲಿ ಕಟಿಂಗ್ ಮೇಜಿನ ಮೇಲೆ ಬಿಚ್ಚದ ಊಟದ ಡಬ್ಬಿಯಿತ್ತು. ನಮ್ಮನ್ನು ಕಂಡು ಟೇಲರ್ ಒಂದು ಕೋಟನ್ನು ಎದೆಗವಚಿಕೊಂಡರು.

ಅತ್ತೆ ಚೂರುಗಳನ್ನು ಮೇಜಿನ ಮೇಲಿಟ್ಟರು. "ಚೀಲದಲ್ಲಿ ಸಿಕ್ಕಿದ ಸಿಮ್ಮಿನ ಚೂರು ಇವು. ಸಿಮ್ ಕತ್ತರಿಸೋರು ಅಳತೆಗೆ ಸರಿಯಾಗಿ ಒಂದೇ ಸಲ ಕತ್ತರಿಸ್ತಾರೆ. ಇದನ್ನ ಎರಡು ಸಲ ಕತ್ತರಿಸಿದ್ದಾರೆ—ಮೊದಲು ಸುತ್ತ ಅಂಚು ಬಿಟ್ಟು, ಫೋನಿಗೆ ಹಿಡಿಸದೇ ಹೋದಾಗ ಆ ಅಂಚನ್ನೂ ತೆಗೆದು. ಹೊಲಿಗೆಗೆ ಅಂತ ಅಂಚು ಬಿಡೋ ಅಭ್ಯಾಸ ಯಾರಿಗಿದೆ? ನೋಡು, ಬಟ್ಟೆಗೆ ಗುರುತು ಹಾಕೋ ನೀಲಿ ಚಾಕಿನ ಗೆರೆಯೂ ಇದೆ."

ನನಗೆ ಆಗ ಹೊಳೆಯಿತು. ಕಳೆದ ವಾರ ಇದೇ ಟೇಲರ್, ಗಿರಾಕಿಯದೆಂದು ಹೇಳಿ, ಮೂಲೆ ಒಡೆದ ಫೋನೊಂದನ್ನು ನನ್ನಿಂದಲೇ ಅನ್‌ಲಾಕ್ ಮಾಡಿಸಿಕೊಂಡು ಹೋಗಿದ್ದರು!

ಟೇಲರ್ ಕೋಟಿನ ಜೇಬಿನಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟರು.

"ಇದು ಮಗಳದು," ಎಂದರು ಹೆಂಡತಿ. "ಜಗಳದ ದಿನ ಎಸೆದು ಹೋದದ್ದು."

"ಅವಳ ದನಿ ನಮ್ಮನೇಲಿ ಕೇಳಬಾರದು ಅಂದಿದ್ದೆ," ಟೇಲರ್ ತಲೆ ಎತ್ತಲಿಲ್ಲ. "ಅದಕ್ಕೇ ಅಂಗಡೀಲಿ ಕೇಳೋಣ ಅಂತ. ಇವತ್ತು ಅವಳು ಫೋನ್ ಮಾಡೋದು ನನಗೂ ಗೊತ್ತಿತ್ತು. ಮಾತಾಡ್ತಿರಲಿಲ್ಲ ಕಣೇ. ಒಂದು ಸಲ ಅವಳ ದನಿ ಕೇಳಿ ನಿನಗೆ ತಂದುಕೊಡ್ತಿದ್ದೆ."

ಗಡಿಯಾರ ಮೂರು ಹೊಡೆಯಿತು. ಒಡೆದ ಫೋನು ನಡುಗುತ್ತ ಮೇಜಿನ ಮೇಲೆ ತೆವಳಿತು.

ಹೆಂಡತಿ ಅದನ್ನೆತ್ತಿ, ಸ್ಪೀಕರ್ ಹಾಕಿ, ಗಂಡನ ಮುಂದೆ ಹಿಡಿದರು. "ಮಾತಾಡಿ."

"ಅಮ್ಮಾ?"

ಟೇಲರ್ ಫೋನಿನತ್ತ ಬಾಗಿದರು. "ಅಮ್ಮ ಇಲ್ಲೇ ಇದ್ದಾಳೆ. ನಾನು... ಅಪ್ಪ ಕಣಮ್ಮ."

ಆ ಕಡೆ ಬರೀ ಉಸಿರು. ಇನ್ನೇನು ಇಟ್ಟೇಬಿಡುತ್ತಾಳೆ ಎಂದುಕೊಂಡೆ.

"ಅಪ್ಪಾ, ಊಟ ಆಯ್ತಾ?"

"ಆಯ್ತಮ್ಮ," ಎಂದರು ಟೇಲರ್, ಕಣ್ಣು ಒರೆಸಿಕೊಳ್ಳುತ್ತ.

ಸುಳ್ಳು. ಅತ್ತೆ ಬಿಚ್ಚದ ಡಬ್ಬಿಯನ್ನೊಮ್ಮೆ ನೋಡಿದರು. ನನ್ನ ಕೈ ಹಿಡಿದು ಹೊರಗೆ ಕರೆತಂದರು.